ನಗುವವರು ಲೆಕ್ಕವನ್ನೂ ಹೇಳಲಿ

ನಮ್ಮ ಸಂಘದ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಬಂದ ‘ಚಾರ್ಜೇ ಬೇಡದ ಕಾರು’ ಎಂಬ ನಗೆಪುಟವನ್ನು ಓದಿ ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಓದಿ, ಪಕ್ಕದವರು ತಿರುಗಿ ನೋಡುವಷ್ಟು ನಕ್ಕೆ. ಕರೆಂಟಿನ ಕಾರಿನ ಮುಂದಿನ ಚಕ್ರವನ್ನು ಮೋಟಾರು ತಿರುಗಿಸಬೇಕಂತೆ, ಹಿಂದಿನ ಚಕ್ರಕ್ಕೆ ಡೈನಮೋ ಕಟ್ಟಬೇಕಂತೆ, ಹಿಂದಿನದು ಮುಂದಿನದಕ್ಕೆ ಉಣ್ಣಿಸುತ್ತಾ ಕನ್ಯಾಕುಮಾರಿಯವರೆಗೆ ಹೋಗಬೇಕಂತೆ. ಕಾರಿನ ನೆತ್ತಿಯ ಮೇಲೆ ಫ್ಯಾನು ಕೂರಿಸಿದರೆ ಓಡುವಾಗಿನ ಗಾಳಿಗೆ ಅದು ತಿರುಗಿ ಬ್ಯಾಟರಿ ತುಂಬುತ್ತದಂತೆ. ಮೂತಿಗೆ ಕೋಲು ಕಟ್ಟಿ ಅದರ ತುದಿಗೆ ಅಯಸ್ಕಾಂತ ತೂಗುಹಾಕಿದರೆ, ಕತ್ತೆಯ ಮುಂದೆ ಗಜ್ಜರಿ ಹಿಡಿದ ಹಾಗೆ, ಕಾರು ಅದನ್ನೇ ಅಟ್ಟಿಸಿಕೊಂಡು ಓಡುತ್ತದಂತೆ. ಎಲ್ಲಕ್ಕಿಂತ ಚೆನ್ನಾಗಿದ್ದದ್ದು, ಚಾರ್ಜರಿನ ಪಿನ್ನನ್ನು ಕಾರಿನದೇ ಪ್ಲಗ್ಗಿಗೆ ಚುಚ್ಚಿ ಅದಕ್ಕೆ ‘ಸ್ವಾವಲಂಬನೆ’ ಎಂದು ಹೆಸರಿಟ್ಟದ್ದು. ಬೆಳಿಗ್ಗೆ ದಾದರಿನಲ್ಲಿ ಇಳಿಯುವವನಿಗೆ ಕಾಲೇ ಬೇಕಿಲ್ಲ, ಹಿಂದಿನವರೇ ಇಳಿಸುತ್ತಾರೆ, ಆ ತಳ್ಳಾಟಕ್ಕೊಂದು ಡೈನಮೋ ಕಟ್ಟಿದರೆ ಇಡೀ ಮುಂಬಯಿಗೆ ದೀಪ ಉರಿಸಬಹುದು ಎಂಬ ಮಾತನ್ನಂತೂ ಮನೆಯಲ್ಲಿ ಹೇಳಿ ಅಮ್ಮನನ್ನೂ ನಗಿಸಿದೆ.

ಆದರೆ ಪುಟದ ಕೊನೆಯಲ್ಲಿ ಒಂದು ಪಟ್ಟಿ ಇತ್ತು. ಇಂಥ ಪ್ರಶ್ನೆ ಕೇಳುವವರು ಯಾರು? ಒಂದು, ಕಾಮರ್ಸಿನವರು. ಎರಡು, ಕನ್ನಡ ಮಾಧ್ಯಮದವರು. ಮೂರು, ಸಂಸಾರದಲ್ಲಿರುವ ಚಿಕ್ಕಪ್ಪ ದೊಡ್ಡಪ್ಪಂದಿರು. ಮೊದಲಿನ ಎರಡೂ ನಾನೇ. ಮೂರನೆಯವರು ನಮ್ಮ ಮನೆಗೆ ಪ್ರತಿ ಭಾನುವಾರ ಊಟಕ್ಕೆ ಬರುತ್ತಾರೆ. ಅದಕ್ಕೇ ಈ ನಾಲ್ಕು ಮಾತು. ಬರೆದ ಗೆಳೆಯರ ಮೇಲೆ ನನಗೆ ಸಿಟ್ಟಿಲ್ಲ. ತಕರಾರಿದೆ, ಅಷ್ಟೆ.

ಮೊದಲನೆಯ ತಕರಾರು, ಆ ಪ್ರಶ್ನೆ ಪೆದ್ದುತನದ ಪ್ರಶ್ನೆ ಅಲ್ಲ. ಪೆಟ್ರೋಲು ಕಾರಿನ ಬಾನೆಟ್ ಎತ್ತಿ ನೋಡಿ. ಅದರೊಳಗೆ ಒಂದು ಆಲ್ಟರ್ನೇಟರು ಇದ್ದೇ ಇರುತ್ತದೆ. ಗಾಡಿ ಓಡುತ್ತಿದ್ದಂತೆ ಬ್ಯಾಟರಿಯನ್ನು ಅದೇ ತುಂಬಿಸುತ್ತದೆ. ಇಪ್ಪತ್ತು ವರ್ಷ ಟೆಂಪೋ ಓಡಿಸಿದವನು ಇದನ್ನು ದಿನಾ ನೋಡಿದ್ದಾನೆ. ಅವನು ಕರೆಂಟಿನ ಗಾಡಿಯ ಮುಂದೆ ನಿಂತು ‘ಅದರಲ್ಲಿ ಆಗುವುದು ಇದರಲ್ಲಿ ಯಾಕಾಗಲ್ಲ?’ ಅಂತ ಕೇಳಿದರೆ, ಅದು ಕಣ್ಣು ಬಿಟ್ಟು ಬದುಕಿದವನ ಪ್ರಶ್ನೆ. ಉತ್ತರ ಒಂದೇ ಸಾಲಿನದು: ಪೆಟ್ರೋಲು ಕಾರಿನ ಬ್ಯಾಟರಿಯನ್ನು ತುಂಬುವುದು ಆಲ್ಟರ್ನೇಟರಲ್ಲ, ಪೆಟ್ರೋಲು. ಆಲ್ಟರ್ನೇಟರು ಬರೀ ಗುಮಾಸ್ತ. ಈ ಒಂದು ಸಾಲನ್ನು ಕ್ಯಾಂಟೀನಿನಲ್ಲಿ ಯಾರೂ ಹೇಳಲಿಲ್ಲ. ಅಲ್ಲಿ ಕೇಳಿಸಿದ್ದು ನಗು ಮಾತ್ರ.

ನನಗೆ ಈ ವಿಷಯ ತಿಳಿದದ್ದು ಪುಸ್ತಕದಿಂದ ಅಲ್ಲ, ಕಾಲಿನಿಂದ. ಊರಿನಲ್ಲಿ ಅಜ್ಜನದೊಂದು ಹಳೇ ಸೈಕಲ್ಲಿದೆ, ಹಿಂದಿನ ಚಕ್ರಕ್ಕೆ ತಾಗುವ ಬಾಟಲಿಯಂಥ ಡೈನಮೋ ಇರುವುದು. ರಜೆಯಲ್ಲಿ ಹೋದಾಗ ಸಂಜೆ ಅಂಗಡಿಗೆ ಹೋಗಲು ಅದೇ. ಡೈನಮೋವನ್ನು ಟೈರಿಗೆ ಒರಗಿಸಿದ ಕೂಡಲೇ ದೀಪ ಹತ್ತುತ್ತದೆ, ಅದೇ ಕ್ಷಣ ಪೆಡಲು ಭಾರವಾಗುತ್ತದೆ. ಬೆಳದಿಂಗಳಿದ್ದರೆ ನಾವು ಡೈನಮೋ ಎತ್ತಿಬಿಡುತ್ತಿದ್ದೆವು. ದೀಪಕ್ಕೆ ದುಡ್ಡು ಕೊಡುವವರು ಯಾರು ಎಂಬುದು ಮೊಣಕಾಲಿಗೆ ಗೊತ್ತಿತ್ತು. ಕಾರಿಗೆ ಮೊಣಕಾಲಿಲ್ಲ, ಅದಕ್ಕೇ ಕೂತವರಿಗೆ ಭಾರ ತಿಳಿಯುವುದಿಲ್ಲ.

ಈಗ ನನ್ನ ಶಾಸ್ತ್ರದಲ್ಲಿ, ಅಂದರೆ ಜಮಾ ಖರ್ಚಿನ ಶಾಸ್ತ್ರದಲ್ಲಿ, ಹೇಳುತ್ತೇನೆ. ಬ್ಯಾಟರಿ ಒಂದು ಪೆಟ್ಟಿಗೆ, ಅದರಲ್ಲಿ ನೂರು ರೂಪಾಯಿ ಇದೆ. ಮೋಟಾರಿಗೆ ಕೊಟ್ಟಿರಿ. ಒಳ್ಳೆಯ ಮೋಟಾರೆಂದೇ ಇಟ್ಟುಕೊಳ್ಳೋಣ, ಹತ್ತು ರೂಪಾಯಿ ಕಮಿಷನ್ ಮುರಿದುಕೊಂಡು ತೊಂಬತ್ತನ್ನು ಚಕ್ರಕ್ಕೆ ಕೊಟ್ಟಿತು. ಚಕ್ರಕ್ಕೆ ಕಟ್ಟಿದ ಡೈನಮೋ ಕೂಡ ನೂರಕ್ಕೆ ಹತ್ತು ಮುರಿಯಿತು; ಉಳಿದದ್ದು 81. ಅದು ತಿರುಗಿ ಬ್ಯಾಟರಿಯೊಳಗೆ ಹೋಗಿ ಕೂರುವಾಗ ಇನ್ನೊಂದು ಹತ್ತನೇ ಪಾಲು ಬಿಸಿಯಾಗಿ ಹೋಯಿತು. ಪೆಟ್ಟಿಗೆಗೆ ಬಂದದ್ದು ಸುಮಾರು 73 ರೂಪಾಯಿ. ಇನ್ನೊಂದು ಸುತ್ತು ಹಾಕಿದರೆ 53. ಮತ್ತೊಂದು ಸುತ್ತಿಗೆ 39. ಇಷ್ಟೆಲ್ಲ ಆಗುವಾಗ ಗಾಡಿ ಒಂದು ಅಂಗುಲವೂ ಮುಂದೆ ಹೋಗಿಲ್ಲ ಎಂಬುದನ್ನು ಗಮನಿಸಿ. ಹೋಗಬೇಕಾದರೆ ಆ ಖರ್ಚು ಬೇರೆ. ತನ್ನ ಎಡಗೈಯಿಂದ ಬಲಗೈಗೆ ಸಾಲ ಕೊಟ್ಟು ಬಡ್ಡಿಯಲ್ಲಿ ಬದುಕುತ್ತೇನೆ ಎಂದವನ ಕಥೆ ಇದು, ಅದರಲ್ಲೂ ಪ್ರತಿಸಲ ದಲ್ಲಾಳಿಗೆ ಕೊಟ್ಟು.

ಫ್ಯಾನಿನ ಕಥೆಯೂ ಇಷ್ಟೆ. ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತು ಕೊಡೆ ಬಿಚ್ಚಿದರೆ ಏನಾಗುತ್ತದೆಂದು ಊಹಿಸಿ. ಮಾಡಿ ನೋಡುವುದು ಬೇಡ. ಗಾಳಿ ಹಿಂದಕ್ಕೆ ದೂಡುತ್ತದೆ. ಕಾರಿನ ಮೇಲಿನ ಫ್ಯಾನನ್ನೂ ಹಾಗೆಯೇ ದೂಡುತ್ತದೆ, ಆ ದೂಡುವಿಕೆಯನ್ನು ಎದುರಿಸಿ ಹೋಗಲು ಬ್ಯಾಟರಿ ಕೊಡುವುದು ಫ್ಯಾನು ಗಳಿಸುವುದಕ್ಕಿಂತ ಯಾವತ್ತೂ ಹೆಚ್ಚು. ನಿಂತ ನೆಲದ ಮೇಲೆ, ಬಿಟ್ಟಿ ಬೀಸುವ ಗಾಳಿಗೆ ಕಟ್ಟಿದ ಗಾಳಿಯಂತ್ರ ಕೂಡ, ಎಷ್ಟೇ ಜಾಣ ಕಟ್ಟಿದ್ದರೂ, ಹಾಯುವ ಗಾಳಿಯ ಶಕ್ತಿಯಲ್ಲಿ ನೂರಕ್ಕೆ 59ಕ್ಕಿಂತ ಹೆಚ್ಚು ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದಾರೆ. ಅಲ್ಲಿ ಗಾಳಿಯಾದರೂ ಬಿಟ್ಟಿ. ಇಲ್ಲಿ ಗಾಳಿಯನ್ನೂ ನಾವೇ ಕೊಂಡುಕೊಳ್ಳಬೇಕು.

ಎರಡನೆಯ ತಕರಾರು, ಈ ಮರುಳು ನಮ್ಮ ಚಿಕ್ಕಪ್ಪಂದಿರಿಗೆ ಮಾತ್ರ ಹಿಡಿದದ್ದಲ್ಲ. ಭಾಸ್ಕರಾಚಾರ್ಯರು 1150ರ ತಮ್ಮ ಸಿದ್ಧಾಂತ ಶಿರೋಮಣಿಯಲ್ಲಿ ಒಂದು ಚಕ್ರವನ್ನು ವರ್ಣಿಸಿದ್ದಾರೆ. ಅದರ ಅರಗಳೊಳಗೆ ಟೊಳ್ಳು, ಟೊಳ್ಳಿನಲ್ಲಿ ಪಾದರಸ. ಅದು ತಾನೇ ತಿರುಗುತ್ತದೆ ಎಂದು ಹೇಳಿಕೆ. ಅವರಿಗಿಂತ ಐನೂರು ವರ್ಷ ಮುಂಚೆ, 628ರಲ್ಲಿ, ಬ್ರಹ್ಮಗುಪ್ತರೂ ಅಂಥದೇ ಚಕ್ರದ ಮಾತು ಬರೆದಿದ್ದಾರೆ. ಭಾಸ್ಕರರು ನಮ್ಮ ಬಿಜಾಪುರದವರೋ ಇಲ್ಲಿನವರ ಜಳಗಾಂವ್ ಕಡೆಯವರೋ ಎಂಬ ಜಗಳ ಇವತ್ತಿಗೂ ಇದೆ. ಯಾರ ಕಡೆಯವರಾದರೂ ಚಕ್ರ ಮಾತ್ರ ತಿರುಗುವುದಿಲ್ಲ: ಒಂದು ಮಗ್ಗುಲಲ್ಲಿ ಭಾರ ದೂರಕ್ಕೆ ಸರಿದರೆ ಇನ್ನೊಂದು ಮಗ್ಗುಲಲ್ಲಿ ಭಾರದ ಪಾಲು ಹೆಚ್ಚುತ್ತದೆ, ತಕ್ಕಡಿ ಸಮವಾಗಿ ನಿಲ್ಲುತ್ತದೆ. ಇದರಿಂದ ಭಾಸ್ಕರರ ಗಣಿತ ಸಣ್ಣದಾಗಲಿಲ್ಲ. ಅವರು ನಮ್ಮ ಕ್ಯಾಂಟೀನಿಗೆ ಬಂದು ಈ ಚಕ್ರದ ಮಾತೆತ್ತಿದ್ದರೆ ಅವರ ಗಣಿತ ಕೇಳುವ ಮೊದಲೇ ನಾವು ಅವರನ್ನು ನಗಾಡಿ ಕಳಿಸುತ್ತಿದ್ದೆವು, ಅಷ್ಟೆ.

ಇನ್ನು ಈ ಚಕ್ರದ ಹಿಂದೆ ಹಣದ ಚಕ್ರ ತಿರುಗಿದ ಕಥೆ ಕಾಮರ್ಸಿನವರಿಗೆಂದೇ ಇರುವಂಥದ್ದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಕೀಲಿ ಎಂಬಾತ 1870ರ ದಶಕದಲ್ಲಿ, ನೀರಿನಿಂದ ಹೊಸದೊಂದು ಶಕ್ತಿ ತೆಗೆಯುವ ಮೋಟಾರು ಕಂಡುಹಿಡಿದೆ ಎಂದು ಹೇಳಿ ಕಂಪನಿ ತೆಗೆದ. ಷೇರು ಮಾರಾಟವಾಯಿತು. ಷೇರುದಾರರ ಸಭೆಗಳು ನಡೆದವು, ಕೋರ್ಟು ನಡೆಯಿತು, ಇಪ್ಪತ್ತು ಚಿಲ್ಲರೆ ವರ್ಷ ಎಲ್ಲವೂ ನಡೆಯಿತು, ಮೋಟಾರು ಮಾತ್ರ ಪೇಟೆಗೆ ಬರಲಿಲ್ಲ. 1898ರಲ್ಲಿ ಆತ ಸತ್ತ ಮೇಲೆ ಪ್ರಯೋಗಶಾಲೆಯ ನೆಲಮನೆಯಲ್ಲಿ, ಗಾಳಿಯನ್ನು ಒತ್ತಿ ತುಂಬಿಡುವಂಥ ದೊಡ್ಡದೊಂದು ಉಕ್ಕಿನ ಗೋಳ ಸಿಕ್ಕಿತು. 1920ರಲ್ಲಿ ಬಾಸ್ಟನ್ನಿನ ಪೋಂಜಿ 45 ದಿನಕ್ಕೆ ನೂರಕ್ಕೆ ಐವತ್ತು ಬಡ್ಡಿ ಎಂದದ್ದೂ, ಹೊಸಬನ ದುಡ್ಡನ್ನು ಹಳಬನಿಗೆ ಬಡ್ಡಿಯೆಂದು ಕೊಟ್ಟದ್ದೂ, ನೋಡಲು ಹೋದರೆ ಹಿಂದಿನ ಚಕ್ರದ ಡೈನಮೋವೇ. ನಮ್ಮ ಕಾಲೇಜಿನಲ್ಲೇ ಡೈನಮೋ ಕಾರಿಗೆ ನಗುವ ಒಬ್ಬ ವಿಜ್ಞಾನದ ಗೆಳೆಯ, ಫೋನಿನಲ್ಲಿ ಬಂದ ‘ತಿಂಗಳಲ್ಲಿ ದುಪ್ಪಟ್ಟು’ ಎಂಬುದಕ್ಕೆ ಪರೀಕ್ಷೆಯ ಫೀಸು ಕಟ್ಟಿ ಬಂದ. ಅವತ್ತು ನಾವು ಕಾಮರ್ಸಿನವರು ನಕ್ಕೆವು. ಅದೂ ತಪ್ಪೇ.

ಈಗ ಚಿಕ್ಕಪ್ಪನ ವಿಷಯ. ಹೆಸರು ಬೇಡ, ಅವರಿಗೆ ಬೇಜಾರಾಗುತ್ತದೆ.

ಚಿಕ್ಕಪ್ಪ ವಾಶಿಯ ಮಾರುಕಟ್ಟೆಯಿಂದ ಚೆಂಬೂರು, ಘಾಟ್ಕೋಪರ್ ಕಡೆಯ ಹೋಟೆಲುಗಳಿಗೆ ತರಕಾರಿ ಹಾಕುತ್ತಾರೆ. ಮೊದಲು ಡೀಸೆಲ್ ಟೆಂಪೋ ಇತ್ತು. ಎರಡು ವರ್ಷದ ಹಿಂದೆ ಸಾಲ ಮಾಡಿ ಬ್ಯಾಟರಿಯ ಮೂರು ಚಕ್ರದ ಗಾಡಿ ತಗೊಂಡರು. ಡೀಸೆಲ್ ಖರ್ಚು ಉಳಿಯಿತು, ನಿಜ. ಆದರೆ ಮಧ್ಯಾಹ್ನದ ಹೊತ್ತಿಗೆ ಚಾರ್ಜು ಕೆಳಗಿಳಿದು, ಗಾಡಿಯನ್ನು ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಮೂರು ನಾಲ್ಕು ಗಂಟೆ ನಿಲ್ಲಿಸಬೇಕು. ಸಂಜೆಯ ಒಂದು ಟ್ರಿಪ್ಪು ತಪ್ಪುತ್ತದೆ. ಸಾಲದ ಕಂತು ತಪ್ಪುವುದಿಲ್ಲ.

ಕಳೆದ ವರ್ಷ ನಮ್ಮ ಸಂಬಂಧಿಕರ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಚಿಕ್ಕಪ್ಪ ಇಂಜಿನಿಯರಿಂಗ್ ಓದುವ ನನ್ನ ದೊಡ್ಡಮ್ಮನ ಮಗನ ಹತ್ತಿರ ಕೇಳಿದರು: “ಅಲ್ಲ ಮಾರಾಯ, ಮುಂದಿನ ಚಕ್ರ ಸುಮ್ನೆ ತಿರುಗ್ತಾ ಇರ್ತದಲ್ಲ, ಅದಕ್ಕೊಂದು ಡೈನಮೋ ಹಾಕಿದ್ರೆ ಚಾರ್ಜ್ ಆಗೋದಿಲ್ವಾ?” ಅವನು ಪಾಯಸದ ಲೋಟ ಕೆಳಗಿಟ್ಟು, “ಚಿಕ್ಕಪ್ಪ, ಮೊದಲು ಸೂಟ್ ಹೊಲಿಸಿ ಇಡಿ, ನೊಬೆಲ್ ಪ್ರೈಜ್ ತಗೊಳ್ಳೋದಕ್ಕೆ ಸ್ವೀಡನ್ನಿಗೆ ಹೋಗ್ಬೇಕಾಗ್ತದೆ” ಅಂದ. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಚಿಕ್ಕಪ್ಪನೂ ನಕ್ಕರು, ಆದರೆ ತಲೆ ಎತ್ತದೆ, ಎಲೆ ನೋಡಿಕೊಂಡು. ಆಮೇಲೆ ಅವರು ಆ ವಿಷಯವನ್ನು ನಮ್ಮ ಯಾರ ಹತ್ತಿರವೂ ಎತ್ತಲಿಲ್ಲ.

ಎತ್ತಿದ್ದು ಇನ್ನೊಬ್ಬನ ಹತ್ತಿರ. ಹೆದ್ದಾರಿಯ ಪಕ್ಕದ ಒಂದು ಗ್ಯಾರೇಜಿನಲ್ಲಿ ಒಬ್ಬ ‘ಓಡುತ್ತಲೇ ಚಾರ್ಜ್’ ಎಂಬ ಡಬ್ಬಿ ಹಾಕಿಕೊಡುತ್ತಿದ್ದ. ಅವನು ನಗಲಿಲ್ಲ. ಕುರ್ಚಿ ಕೊಟ್ಟ, ಚಹಾ ತರಿಸಿದ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಚಕ್ರ ಗಾಳಿಯಲ್ಲಿ ತಿರುಗಿಸಿ, ಮೀಟರಿನಲ್ಲಿ ಅಂಕಿ ಏರುವುದನ್ನು ತೋರಿಸಿದ. ಹೊರೆಯಿಲ್ಲದ, ರಸ್ತೆಗೆ ತಾಗದ ಚಕ್ರ ತಿರುಗಿಸಿ ವೋಲ್ಟೇಜ್ ತೋರಿಸುವುದೆಂದರೆ, ಖರ್ಚಿನ ಪುಟ ಮುಚ್ಚಿ ವ್ಯಾಪಾರದ ಪುಟ ಮಾತ್ರ ತೋರಿಸಿದ ಹಾಗೆ. ಇದನ್ನು ನಾನು ಹೇಳಬಹುದಿತ್ತು. ನನ್ನನ್ನು ಕೇಳಲಿಲ್ಲ, ಯಾಕೆ ಕೇಳಬೇಕು? ಚಿಕ್ಕಪ್ಪ ಹದಿನೆಂಟು ಸಾವಿರ ಕೊಟ್ಟು ಡಬ್ಬಿ ಹಾಕಿಸಿದರು. ಗಾಡಿ ಮೊದಲು ಓಡುತ್ತಿದ್ದಷ್ಟೂ ಓಡಲಿಲ್ಲ. ಎರಡು ವಾರ ಬಿಟ್ಟು ಹೋದಾಗ ಗ್ಯಾರೇಜಿನ ಬಾಗಿಲಿಗೆ ಬೀಗ.

ಆ ಹದಿನೆಂಟು ಸಾವಿರದಲ್ಲಿ ನಮ್ಮ ಪಂಕ್ತಿಯ ನಗುವಿನ ಪಾಲೆಷ್ಟು? ಈ ಲೆಕ್ಕ ಮಾತ್ರ ನನಗೆ ಇನ್ನೂ ತಾಳೆಯಾಗಿಲ್ಲ.

ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲಿ ಒಂದು ತೀರ್ಮಾನ ಮಾಡಿತು: ತಾನೇ ತಾನಾಗಿ ಸದಾ ಚಲಿಸುವ ಯಂತ್ರದ ಅರ್ಜಿಗಳನ್ನು ಇನ್ನು ಮುಂದೆ ನೋಡುವುದಿಲ್ಲ. ಅದು ಸರಿ, ನೂರಾರು ಅರ್ಜಿಗೆ ಉತ್ತರಿಸುತ್ತ ಕೂರಲು ಯಾರಿಗೆ ಪುರಸತ್ತು? ಆದರೆ ಅವರು ಕೊಟ್ಟ ಕಾರಣಗಳಲ್ಲಿ ಒಂದು ನನಗೆ ತಟ್ಟಿತು. ಈ ಹುಚ್ಚಿನಿಂದ ಒಂದಕ್ಕಿಂತ ಹೆಚ್ಚು ಸಂಸಾರ ಹಾಳಾಗಿದೆ, ಒಳ್ಳೆಯ ಕೆಲಸ ಮಾಡಬಹುದಾಗಿದ್ದ ಕುಶಲಿಗಳು ತಮ್ಮ ದುಡ್ಡು, ಹೊತ್ತು, ಬುದ್ಧಿ ಎಲ್ಲವನ್ನೂ ಇದರಲ್ಲಿ ಸುಟ್ಟುಕೊಂಡಿದ್ದಾರೆ ಎಂದು ಅವರು ಹೇಳಿದರು. ಅಂದರೆ ಬಾಗಿಲು ಮುಚ್ಚುವಾಗಲೂ ಅವರಿಗೆ ಬಾಗಿಲ ಹೊರಗಿನವನ ಮನೆ ಕಂಡಿತ್ತು. ಅಕಾಡೆಮಿಗೆ ಬಾಗಿಲು ಮುಚ್ಚುವ ಹಕ್ಕಿದೆ. ಅಣ್ಣನ ಮಗನಿಗೆ ಇಲ್ಲ.

‘ಹಾಗಾದರೆ ನಗುವುದೇ ಬೇಡವೇ? ಪ್ರತಿ ತಮಾಷೆಗೂ ಒಂದು ಪಾಠ ಕಟ್ಟಬೇಕೇ?’ ಎಂದು ಗೆಳೆಯರು ಕೇಳಬಹುದು. ನಗಬೇಕು. ಆದರೆ ಲೆಕ್ಕ ಗೊತ್ತಿಲ್ಲದ ನಗು ತಪ್ಪು ಜಾಗದಲ್ಲೂ ನಗುತ್ತದೆ. ಅದೇ ನಗೆಪುಟದಲ್ಲಿ ‘ಕಾರಿನ ಮೇಲೆ ಬಿಸಿಲಿನ ಹಲಗೆ’ ಎಂಬುದನ್ನೂ ಹುಚ್ಚರ ಸಾಲಿಗೆ ಸೇರಿಸಿದ್ದರು. ಅದು ಆ ಸಾಲಿನದಲ್ಲ, ಯಾಕೆಂದರೆ ಅಲ್ಲಿ ದುಡ್ಡು ಹೊರಗಿನಿಂದ, ಸೂರ್ಯನಿಂದ, ಬರುತ್ತದೆ. ಎರಡು ಚದರ ಮೀಟರಿನ ಒಳ್ಳೆಯ ಹಲಗೆ ಉರಿಬಿಸಿಲಿನಲ್ಲಿ ಸುಮಾರು 400 ವಾಟ್ ಕೊಟ್ಟೀತು; ಐದು ಗಂಟೆಗೆ 2 ಯೂನಿಟ್. ಸಣ್ಣ ಕಾರಿಗೆ ನೂರು ಕಿಲೋಮೀಟರಿಗೆ ಸುಮಾರು 15 ಯೂನಿಟ್ ಬೇಕೆಂದರೆ, ದಿನಕ್ಕೆ 13 ಕಿಲೋಮೀಟರು. ಕಮ್ಮಿಯೇ, ಆದರೆ ಸುಳ್ಳಲ್ಲ.

ಇನ್ನೊಂದು ಕೇಳಿ. ಒಂದು ಲಾರಿ ಇದೆ, ಕರೆಂಟಿನದು, ಬೆಟ್ಟ ಹತ್ತಿ ಇಳಿಯುತ್ತದೆ, ಅದಕ್ಕೆ ಹೊರಗಿನಿಂದ ಚಾರ್ಜು ಮಾಡುವ ಅಗತ್ಯವೇ ಇಲ್ಲ ಎಂದರೆ ನೀವು ನಗುತ್ತೀರಿ ತಾನೆ? ಸ್ವಿಟ್ಜರ್ಲೆಂಡಿನ ಬೀಲ್ ಊರಿನ ಹತ್ತಿರದ ಸುಣ್ಣಕಲ್ಲಿನ ಗಣಿಯೊಂದರಲ್ಲಿ ಅಂಥ ಲಾರಿ ನಿಜವಾಗಿ ಓಡಿದೆ. ಖಾಲಿ ಗಾಡಿಯ ತೂಕ ಸುಮಾರು 45 ಟನ್. ಖಾಲಿಯಾಗಿ ಮೇಲೆ ಹೋಗುತ್ತದೆ, ಮೇಲೆ ಸುಮಾರು 65 ಟನ್ ಕಲ್ಲು ಹೇರಿಕೊಳ್ಳುತ್ತದೆ, ಇಳಿಯುವಾಗ ಬ್ರೇಕು ಹಾಕುತ್ತಾ ಮೋಟಾರನ್ನೇ ಡೈನಮೋ ಮಾಡಿಕೊಂಡು ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ಹತ್ತುವುದು ಹಗುರ, ಇಳಿಯುವುದು ಭಾರ. ಅದಕ್ಕೇ ಜಮಾ ಹೆಚ್ಚು. ಮೋಸ ಎಲ್ಲಿದೆ? ಎಲ್ಲೂ ಇಲ್ಲ. ದುಡ್ಡು ಕೊಡುತ್ತಿರುವುದು ಬೆಟ್ಟ. ದಿನಾ ಅಷ್ಟಷ್ಟು ಕರಗಿ ಕೆಳಗೆ ಬರುತ್ತಿದೆ. ಬೆಟ್ಟ ಮುಗಿದ ದಿನ ಲಾರಿಯೂ ನಿಲ್ಲುತ್ತದೆ. ‘ಯಾರು ಕೊಟ್ಟರು?’ ಎಂದು ಕೇಳುವವನಿಗೆ ಈ ಲಾರಿಗೂ ಗ್ಯಾರೇಜಿನ ಡಬ್ಬಿಗೂ ಇರುವ ವ್ಯತ್ಯಾಸ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಬರೀ ನಗುವವನಿಗೆ ಎರಡೂ ಒಂದೇ.

ನಾವು ದಿನಾ ಹತ್ತುವ ಈಗಿನ ಲೋಕಲ್ ಗಾಡಿಗಳೂ ಬ್ರೇಕು ಹಾಕುವಾಗ ಸ್ವಲ್ಪ ಕರೆಂಟನ್ನು ಮೇಲಿನ ತಂತಿಗೆ ತಿರುಗಿ ಕೊಡುತ್ತವೆ. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ಎಂಬ ಪುಟ್ಟ ಕಾರಿನಲ್ಲೂ ಈ ಏರ್ಪಾಡಿತ್ತು. ಆದರೆ ಇದು ಆದಾಯವಲ್ಲ, ಮರುಪಾವತಿ. ಕೊಟ್ಟದ್ದರಲ್ಲಿ ಒಂದು ಪಾಲು ವಾಪಸು ಬಂತು, ಅಷ್ಟೆ. ಚಿಕ್ಕಪ್ಪನ ಪ್ರಶ್ನೆಯ ನಿಜವಾದ ಉತ್ತರ ಇಲ್ಲೇ ಇತ್ತು: “ನೀವು ಹೇಳಿದ ಡೈನಮೋ ನಿಮ್ಮ ಗಾಡಿಯ ಮೋಟಾರಿನೊಳಗೇ ಇರಬಹುದು ಚಿಕ್ಕಪ್ಪ, ಬ್ರೇಕ್ ಹಾಕಿದಾಗ ಮಾತ್ರ ಅದು ಕೆಲಸ ಮಾಡೋದು.” ಅವರು ಅರ್ಧ ಸರಿಯಾಗೇ ಯೋಚಿಸಿದ್ದರು. ಅದನ್ನು ಅವರಿಗೆ ಯಾರೂ ಹೇಳಲಿಲ್ಲ.

ಕೊನೆಯದಾಗಿ ಕನ್ನಡ ಮಾಧ್ಯಮದ ಮಾತು. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದವನು. ‘ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಪಡಿಸಲೂ ಆಗದು’ ಎಂಬ ನಿಯಮವನ್ನು ಬಾಯಿಪಾಠ ಮಾಡಿ ಬರೆದು ಎರಡು ಮಾರ್ಕು ತಗೊಂಡವನು. ಅದು ಅಜ್ಜನ ಸೈಕಲ್ಲಿನ ವಿಷಯ ಎಂದಾಗಲಿ, ಮುಂದೊಂದು ದಿನ ಚಿಕ್ಕಪ್ಪನ ಹದಿನೆಂಟು ಸಾವಿರದ ವಿಷಯವಾದೀತು ಎಂದಾಗಲಿ ನನಗೆ ಹೊಳೆದಿರಲಿಲ್ಲ. ಕಾಲೇಜಿಗೆ ಬಂದ ಮೇಲೆ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುವವರನ್ನು ಕಂಡು ಇದೇನೋ ದೊಡ್ಡ ವಿಷಯ ಎಂದು ಸುಮ್ಮನಿದ್ದೆ. ನಮ್ಮಲ್ಲಿ ಜ್ಞಾನ ಇಲ್ಲವೆಂದಲ್ಲ. ಕನ್ನಡದ್ದು ಪರೀಕ್ಷೆಯ ಹಾಳೆಯಲ್ಲಿ ಉಳಿಯಿತು, ಇಂಗ್ಲಿಷಿನದ್ದು ನಗುವುದಕ್ಕೆ ಬಳಕೆಯಾಯಿತು. ಊಟದ ಪಂಕ್ತಿಗೆ ಎರಡೂ ಬರಲಿಲ್ಲ. ಪರನಾಡಿನಲ್ಲಿ ಕನ್ನಡ ಸಂಘ ಕಟ್ಟಿ ಕವಿಗೋಷ್ಠಿ ಮಾಡುತ್ತೇವೆ, ರಾಜ್ಯೋತ್ಸವ ಮಾಡುತ್ತೇವೆ, ಒಳ್ಳೆಯದೇ. ಚಿಕ್ಕಪ್ಪನ ಪ್ರಶ್ನೆಗೆ ಕನ್ನಡದಲ್ಲಿ ಉತ್ತರಿಸಲಾರದ ಕನ್ನಡಾಭಿಮಾನ ಎಷ್ಟು ದೂರ ಓಡೀತು?

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು. ನಗೆಪುಟವನ್ನು ನಿಲ್ಲಿಸಬೇಡಿ. ಪ್ರತಿಯೊಂದು ನಗೆಯ ಕೆಳಗೆ ಎರಡು ಸಾಲಿನ ಲೆಕ್ಕ ಹಾಕಿ. ವಿಜ್ಞಾನದ ಗೆಳೆಯರು ಬರೆಯಲಿ; ಬಡ್ಡಿ, ಷೇರು, ಚೀಟಿಯ ವಿಷಯ ಬಂದರೆ ನಾವು ಕಾಮರ್ಸಿನವರು ಬರೆಯುತ್ತೇವೆ. ‘ಪೆದ್ದು ಪ್ರಶ್ನೆ’ ಎಂಬ ಹೆಸರಿನಲ್ಲೇ ಒಂದು ಕಾಲಂ ಇರಲಿ, ಮೊದಲ ಪ್ರಶ್ನೆ ನನ್ನದೇ.

ಕಳೆದ ತಿಂಗಳು ಒಂದು ಭಾನುವಾರ, ಊಟವಾದ ಮೇಲೆ, ತರಕಾರಿ ಬಿಲ್ಲಿನ ಹಿಂಬದಿಯಲ್ಲಿ ಚಿಕ್ಕಪ್ಪನಿಗೆ ಮೇಲಿನ ಲೆಕ್ಕವನ್ನೇ ಬರೆದು ತೋರಿಸಿದೆ. ನೂರು, ತೊಂಬತ್ತು, ಎಂಬತ್ತೊಂದು, ಎಪ್ಪತ್ಮೂರು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ, “ಅಂದ್ರೆ ಒಂದು ಸೊಸೈಟಿಯ ಸಾಲ ತಗೊಂಡು ಇನ್ನೊಂದು ಸೊಸೈಟಿಯ ಕಂತು ಕಟ್ಟಿದ ಹಾಗೆ! ಅದನ್ನ ನಾನು ಹತ್ತು ವರ್ಷದಿಂದ ಮಾಡ್ತಾ ಇದ್ದೇನಲ್ಲೋ, ನಂಗೆ ಗೊತ್ತಾಗ್ಬೇಕಿತ್ತು” ಅಂತ ಹೇಳಿ ಗಟ್ಟಿಯಾಗಿ ನಕ್ಕರು. ಬಿಲ್ಲನ್ನು ಮಡಚಿ ಕಿಸೆಗೆ ಹಾಕಿಕೊಂಡರು, ಮಾರುಕಟ್ಟೆಯಲ್ಲಿ ಇನ್ನಿಬ್ಬರು ಅದೇ ಡಬ್ಬಿ ಹಾಕಿಸಬೇಕೆಂದಿದ್ದಾರೆ, ಅವರಿಗೆ ತೋರಿಸಬೇಕು ಅಂತ.